ತೂಕ ನೋಡಿ ಉಣಿಸುವ ತೊಟ್ಟಿಲು

"ಇನ್ನು ಮೇಲೆ ಈ ಮನೇಲಿ ಅಂದಾಜಿನ ಆಟ ನಡೆಯೋದಿಲ್ಲ!" ಎಂದು ನಿವೃತ್ತ ವಿಜ್ಞಾನ ಶಿಕ್ಷಕ ತಿಪ್ಪೇಸ್ವಾಮಿಯವರು ತಾವೇ ಕಟ್ಟಿದ ತೊಟ್ಟಿಲಿನ ಗುಂಡಿ ಒತ್ತಿದರು.

ತೊಟ್ಟಿಲು ಎಂಟು ತಿಂಗಳ ಮೊಮ್ಮಗ ಶರಣುವಿನ ತೂಕ ನೋಡಿತು. ಉಕ್ಕಿನ ತೋಳೊಂದು ಒಳಲೆ ಹಿಡಿದು ಬಂದು ನಾಲ್ಕು ಗುಟುಕು ರಾಗಿ ಸರಿ ಕುಡಿಸಿತು. "ತೂಕ ಉತ್ತಮ! ಪೋಷಣೆ ಸಂಪೂರ್ಣ!" ಎಂದು ಘೋಷಿಸಿ ಕೆಂಪು ದೀಪ ಹೊತ್ತಿಸಿತು.

ಐದನೆಯ ಗುಟುಕಿಗಾಗಿ ಬಾಯ್ತೆರೆದೇ ಇದ್ದ ಮಗುವನ್ನು ಕಂಡದ್ದು ಸೊಸೆ ವನಮಾಲೆಯೊಬ್ಬಳೇ.

"ಮಾವಾ, ಅದಕ್ಕಿನ್ನೂ ಹಸಿವು..."

"ನಿನ್ನ ಕಣ್ಣು ತಪ್ಪಬಹುದು ತಾಯಿ, ತಕ್ಕಡಿ ತಪ್ಪೋದಿಲ್ಲ!"

"ಕೆಂಪು ದೀಪ ಬಂದಮೇಲೆ ಹಾಲೂ ಕೊಡಬೇಡ, ಅಜೀರ್ಣ ಆಗ್ತದೆ" ಎಂದು ಅತ್ತೆ ಕೊಟ್ರಮ್ಮ ಕಾವಲು ಕೂತರು. ವನಮಾಲೆ ಪಾಲಿಸಿದಳು. ಹಿರಿಯರ ಮಾತನ್ನು ಪಾಲಿಸುವುದೇ ಸದ್ಗುಣವೆಂದು ಅವಳು ಶಾಲೆಯಲ್ಲಿ ಕಲಿತಿದ್ದಳು. ಆ ಪಾಠದ ಉಳಿದರ್ಧವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬಂಧುಗಳು ತೊಟ್ಟಿಲು ನೋಡಲು ಬಂದರು, ಬರಿಗೈಯಲ್ಲಲ್ಲ. ಸೋದರಮಾವನಿಂದ ಬೆಳ್ಳಿಯ ಉಡುದಾರ, ಚಿಕ್ಕಜ್ಜಿಯಿಂದ ಕಡಗ, ದಾವಣಗೆರೆಯ ಅತ್ತೆಯಿಂದ ಆನೆಗೆ ಒಪ್ಪುವಂಥ ಕಾಲ್ಗೆಜ್ಜೆ! ಎಲ್ಲವನ್ನೂ ಕೊಟ್ರಮ್ಮ ಮೊಮ್ಮಗನಿಗೆ ತೊಡಿಸಿದರು. ಮಗುವಿನ ಕೆನ್ನೆ ಬತ್ತಿತು, ಅಳು ಕ್ಷೀಣಿಸಿತು, ಯಂತ್ರ ಮಾತ್ರ "ತೂಕ ಅತ್ಯುತ್ತಮ!" ಎನ್ನುತ್ತ ನಾಲ್ಕು ಗುಟುಕನ್ನು ಮೂರಕ್ಕಿಳಿಸಿತು.

"ಪಕ್ಕೆಲುಬು ಕಾಣ್ತಾ ಇದಾವೆ ಅತ್ತೆ!"

"ಬಾಯಿಗೆ ಬಂದದ್ದು ಆಡಬೇಡ! ದೃಷ್ಟಿ ಆದೀತು!"

ತಿಂಗಳ ಕೊನೆಗೆ ಅಂಗನವಾಡಿಯ ಟೀಚರಮ್ಮ ಹಾಲಮ್ಮ ತಕ್ಕಡಿ ಹಿಡಿದು ಬಂದರು. "ಒಡವೆ ಬಿಚ್ಚಿ ಕೂಸನ್ನ ಕೊಡ್ರಿ. ನಾ ತೂಕ ಹಾಕೋದು ಕೂಸನ್ನ" ಎಂದರು. ಮುಳ್ಳು ನಿಂತಿತು. ಹಾಲಮ್ಮ ಕಾರ್ಡು ನೋಡಿದರು. ಮತ್ತೆ ಮುಳ್ಳು ನೋಡಿದರು. "ಹೋದ ತಿಂಗಳಿಗಿಂತ ಮುನ್ನೂರು ಗ್ರಾಂ ಕಡಿಮೆ ಆಗೇತಿ. ಮೇಷ್ಟ್ರೇ, ಈ ವಯಸ್ಸಿನ ಕೂಸು ಏರಬೇಕು, ಇಳೀಬಾರದು."

"ನಿಮ್ಮ ತಕ್ಕಡಿ ಕೆಟ್ಟಿದೆ!" ಮೇಷ್ಟ್ರು ಬರಿಮೈಯ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದರು.

ತೊಟ್ಟಿಲು ನಡುಗಿತು. "ಅಪಾಯ! ಮಗು ಕರಗಿದೆ! ತುರ್ತು ಪೋಷಣೆ!" ಒಳಲೆ ಮಗ್ಗದ ಲಾಳಿಯಂತೆ ಓಡಾಡಿತು! ರಾಗಿ ಸರಿ ಮಗುವಿನ ಹಣೆಗೆ, ಕಿವಿಗೆ, ತಡೆಯಹೋದ ಮೇಷ್ಟ್ರ ಕನ್ನಡಕಕ್ಕೆ! ಶರಣು ಕೆಮ್ಮಿದ. ವನಮಾಲೆ ಉಕ್ಕಿನ ತೋಳನ್ನು ತಳ್ಳಿ ಮಗುವನ್ನು ಬಾಚಿಕೊಂಡಳು.

"ದೀಪ ಇನ್ನೂ ಹೊತ್ತಿಲ್ಲ..." ಎಂದರು ಕೊಟ್ರಮ್ಮ.

"ದೀಪ ಹೆತ್ತಿಲ್ಲ ಅತ್ತೆ, ನಾನು ಹೆತ್ತಿದ್ದೇನೆ!"

ಗಾಬರಿಯಲ್ಲಿ ಕೊಟ್ರಮ್ಮ, ಬಿಚ್ಚಿ ಮಡಿಲಲ್ಲಿಟ್ಟುಕೊಂಡಿದ್ದ ಒಡವೆಗಳನ್ನೆಲ್ಲ ಬರಿದಾದ ತೊಟ್ಟಿಲಿಗೆ ಸುರಿದು ಹಣೆ ಹಿಡಿದು ಕುಸಿದರು.

ಯಂತ್ರ ಒಂದು ಕ್ಷಣ ಯೋಚಿಸಿತು. "ಮಗು. ಅರ್ಧ ಕಿಲೋ. ಅತಿ ದುರ್ಬಲ!" ಎಂದು ಕನಿಕರದಿಂದ ನುಡಿದು ಕಾಲ್ಗೆಜ್ಜೆಗೆ ಮೊದಲ ಗುಟುಕು ಕುಡಿಸಿತು. ಮೇಷ್ಟ್ರು ತಂತಿ ಕಿತ್ತರು. ಅದು ಬ್ಯಾಟರಿಯ ಮೇಲೆ ಉಣಿಸಿತು.

ಹೊರಜಗಲಿಯಲ್ಲಿ ವನಮಾಲೆ ಸರಿಯನ್ನು ಬೆರಳ ತುದಿಯಲ್ಲಿ ನೆಕ್ಕಿಸುತ್ತ ಕೂತಳು. ಐದು, ಆರು, ಒಂಬತ್ತು. ಹತ್ತನೆಯದಕ್ಕೆ ಮಗು ಮುಖ ತಿರುಗಿಸಿತು, ಅವಳು ನಿಲ್ಲಿಸಿದಳು. ಇಷ್ಟನ್ನು ತಿಳಿಯಲು ಯಾವ ಯಂತ್ರವೂ ಬೇಕಿರಲಿಲ್ಲ. ಕಳೆದ ತಿಂಗಳನ್ನು ಹಿಂದಕ್ಕೆ ಕೊಡುವ ಯಂತ್ರವೂ ಇರಲಿಲ್ಲ. ಅವಳು ಅತ್ತಳು.

ಒಳಗೆ ಸಂಜೆಯವರೆಗೂ ಉಪಚಾರ ನಡೆಯಿತು. ಆ ತೊಟ್ಟಿಲಲ್ಲಿ ಆ ತಿಂಗಳು ಹೊಟ್ಟೆ ತುಂಬ ಉಂಡದ್ದು ಬೆಳ್ಳಿಯೊಂದೇ.