ಹೊರಡುವ ಮೊದಲೇ ಮುಟ್ಟಿದ ಬಸ್ಸು

ನಾನು ವಿಜ್ಞಾನದ ಮಾಸ್ಟರು. ಎಂಬತ್ತರ ದಶಕದ ಆರಂಭದಲ್ಲಿ ಬಂಟ್ವಾಳದ ಒಂದು ಪ್ರೌಢಶಾಲೆಯಲ್ಲಿ ಸನ್ನೆಕೋಲು, ಹಬೆಯಂತ್ರ, ಅಯಸ್ಕಾಂತ ಇಷ್ಟನ್ನು ಪಾಠ ಮಾಡಿಕೊಂಡು ಸುಖವಾಗಿದ್ದೆ. ಅಷ್ಟರಲ್ಲೇ ನಿಲ್ಲಬೇಕಿತ್ತು. ಒಂದು ದಿನ ಲೈಬ್ರರಿಯಲ್ಲಿ, ಮುಖಪುಟ ಹರಿದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಹೀಗೆ ಓದಿದೆ: ಪಾಸಿಟ್ರಾನ್ ಎಂಬ ಕಣವನ್ನು, ಕಾಲದಲ್ಲಿ ಹಿಂದಕ್ಕೆ ಚಲಿಸುವ ಎಲೆಕ್ಟ್ರಾನ್ ಎಂದು ಲೆಕ್ಕದಲ್ಲಿ ತಿಳಿಯಬಹುದು. ವಾಕ್ಯದಲ್ಲಿ 'ಲೆಕ್ಕದಲ್ಲಿ' ಎಂಬ ಪದ ಇದ್ದೇ ಇತ್ತು. ಅವಸರದಲ್ಲಿ ಅದೊಂದನ್ನು ಹಾರಿಸಿಬಿಟ್ಟೆ!

ಮನೆಗೆ ಬಂದು ಹೆಂಡತಿ ಸುಮತಿಗೂ ನನ್ನ ತಾಯಿಗೂ ವಿಷಯವನ್ನು ವಿಶದಪಡಿಸಿದೆ.

"ಅಂದರೆ ಆ ಕಣ ನಾಳೆ ಹೊರಟು ಇವತ್ತು ಮುಟ್ಟುತ್ತದೆ!"

"ನೀವು ಇವತ್ತು ಹೊರಟು ಇವತ್ತು ಮುಟ್ಟಿದರೆ ಸಾಕಿತ್ತು" ಎಂದಳು ಸುಮತಿ.

"ಹೋಗಿ ಅದು ಮಾಡುವ ಕೆಲಸ ಏನುಂಟು?" ಎಂದು ಅಮ್ಮ ಕೇಳಿದರು.

"ಕೆಲಸ ಏನೂ ಇಲ್ಲಮ್ಮ."

"ಹಾಗಾದರೆ ಹೋದ ಪುಟ್ಟ ಬಂದ ಪುಟ್ಟ!"

ಮನೆಯವರಿಂದ ಪ್ರೋತ್ಸಾಹ ಸಿಗದಿದ್ದರೂ ಮೂಡುಬಿದಿರೆಯ ಅಧ್ಯಾಪಕರ ಕೂಟದವರು ನನ್ನನ್ನು ಉಪನ್ಯಾಸಕ್ಕೆ ಕರೆದರು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ. ವಿಷಯ: ಕಣಗಳು ಕಾಲದಲ್ಲಿ ಹಿಂದೆ ಹೋಗುವವೇ? ಹೋಗುತ್ತವೆ ಎಂದು ಹೇಳುವುದಕ್ಕೆ ಹದಿನಾರು ಪುಟ ಬರೆದುಕೊಂಡೆ.

ಶನಿವಾರ ಬೆಳಿಗ್ಗೆ ಎದ್ದು ಮೊಳೆಗೆ ತೂಗುಹಾಕಿದ್ದ ವಾಚು ನೋಡಿದರೆ ಆಗಲೇ ಗಂಟೆ ಎಂಟು! ಮಾವ ಮದುವೆಗೆ ಕೊಟ್ಟ ವಾಚು, ಸುಳ್ಳು ಹೇಳಿದ್ದಿಲ್ಲ. ರೇಡಿಯೋದ ಸೆಲ್ಲು ಮುಗಿದು ವಾರವಾಗಿದ್ದರಿಂದ ಮನೆಯಲ್ಲಿ ಬೇರೆ ಸಾಕ್ಷಿಯೂ ಇರಲಿಲ್ಲ. ಕಾಫಿ ಕುಡಿಯದೆ ನಮ್ಮ ಊರು ನರಿಕೊಂಬಿನಿಂದ ಬಂಟ್ವಾಳದ ಬಸ್ ಸ್ಟ್ಯಾಂಡಿಗೆ ಓಡಿದೆ. ನಾನು ಹಿಡಿಯಬೇಕಾಗಿದ್ದದ್ದು ಏಳು ಐವತ್ತಕ್ಕೆ ಸಿದ್ಧಕಟ್ಟೆ ಮಾರ್ಗವಾಗಿ ಮೂಡುಬಿದಿರೆಗೆ ಹೋಗುವ 'ಮಂದಾನಿಲ' ಎಂಬ ಬಸ್ಸನ್ನು. ನನ್ನ ವಾಚಿನಲ್ಲಿ ಆಗಲೇ ಎಂಟೂ ನಲವತ್ತು. ತಪ್ಪಿತು ಎಂದು ತಲೆಯ ಮೇಲೆ ಕೈ ಇಡುವಷ್ಟರಲ್ಲಿ ಮಂದಾನಿಲ ನಿಧಾನವಾಗಿ ಬಂದು ನಿಂತಿತು!

ದೇವರು ದೊಡ್ಡವನು ಎಂದು ಸುಮ್ಮನೆ ಹತ್ತಬಹುದಿತ್ತು. ಆದರೆ ಒಂದು ಗಂಟೆ ತಡ! ನಾಗರಿಕನಾದ ನನಗೆ ರೋಷ ಬಂತು. ಅಷ್ಟರಲ್ಲಿ ಬಸ್ಸುಗಳ ಸಮಯ ಬರೆಯುವ ಟೈಮ್‌ಕೀಪರ್, "ಮಾಸ್ಟ್ರೇ, ಒಂದು ಚಾ ಕುಡಿದು ಬರ್ತೇನೆ. ಮಂದಾನಿಲ ಹೊರಡುವಾಗ ಸ್ವಲ್ಪ ಬರೆದಿಡಿ" ಎಂದು ಪುಸ್ತಕ, ಪೆನ್ಸಿಲು ಎರಡನ್ನೂ ನನ್ನ ಕೈಗೆ ಕೊಟ್ಟು ಹೋದ. ಸತ್ಯವನ್ನು ದಾಖಲಿಸುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಕಂಡಕ್ಟರ್ ವಾಮನ ಸೀಟಿ ಊದಿದೊಡನೆ ನನ್ನ ವಾಚು ನೋಡಿ, ಮುತ್ತಿನಂಥ ಅಕ್ಷರದಲ್ಲಿ ಬರೆದೆ: ಹೊರಟದ್ದು 8.55. ಕೆಳಗೆ ಗೆರೆಯನ್ನೂ ಎಳೆದೆ.

"ವಾಮನ, ಇಷ್ಟು ತಡ ಮಾಡಿದರೆ ಹೇಗೆ?" ಎಂದು ಬಸ್ಸಿನೊಳಗೆ ಗದರಿಸಿದೆ.

"ಒಳಗೆ ಹೋಗಿ ಮಾಸ್ಟ್ರೇ, ಬಾಗಿಲಲ್ಲಿ ನಿಲ್ಲಬೇಡಿ" ಎಂದ ಅವನು.

ಮೂಡುಬಿದಿರೆಯಲ್ಲಿ ಇಳಿದು ಓಡಿದರೆ ಸಭಾಂಗಣಕ್ಕೆ ಬೀಗ. ನನ್ನ ವಾಚಿನಲ್ಲಿ ಹತ್ತು ದಾಟಿದೆ, ಒಂದು ನರಪಿಳ್ಳೆ ಇಲ್ಲ. ಮುಕ್ಕಾಲು ಗಂಟೆ ಮೆಟ್ಟಿಲ ಮೇಲೆ ಕುಳಿತೆ. ಆಮೇಲೆ ಸಂಘಟಕರು ನಗುನಗುತ್ತಾ ಬಂದು, "ಓಹೋ, ಮಾಸ್ಟ್ರು ಬೇಗ ಬಂದಿದ್ದೀರಿ!" ಎಂದರು. ನನ್ನ ಮೈ ಉರಿಯಿತು. ಉಪನ್ಯಾಸದ ಮೊದಲ ಹತ್ತು ನಿಮಿಷ ಸಮಯಪಾಲನೆಯ ಬಗ್ಗೆ ಎಲ್ಲರಿಗೂ ಛೀಮಾರಿ ಹಾಕಿದೆ. ಅದೂ ಸಿದ್ಧಾಂತದ ಭಾಗವೆಂದು ತಿಳಿದು ಅವರು ಬರೆದುಕೊಂಡರು.

ಆ ದಿನ ಬಸ್ಸು ತಡ, ಬೀಗದ ಕೈ ತಡ, ಸಭೆ ತಡ. ಇಡೀ ಜಗತ್ತೇ ಒಂದು ಗಂಟೆ ತಡವಾಗಿದೆ ಎಂದು ತಿಳಿದೆನೇ ಹೊರತು ಬೇರೆ ಯಾವ ಯೋಚನೆಯೂ ನನ್ನ ತಲೆಯೊಳಗೆ ಸುಳಿಯಲಿಲ್ಲ.

ಮಂಗಳವಾರ ಸಂಜೆ ವಾಮನ ನಮ್ಮ ಮನೆಗೆ ಬಂದ. ಮುಖ ಬಾಡಿತ್ತು.

"ಮಾಸ್ಟ್ರೇ, ನನ್ನನ್ನು ಕೆಲಸದಿಂದ ನಿಲ್ಲಿಸಿದ್ದಾರೆ."

ಕಾರಣ ಆ ಪುಸ್ತಕವೇ. ಬಂಟ್ವಾಳದ ಪುಸ್ತಕದ ಪ್ರಕಾರ ಬಸ್ಸು ಹೊರಟದ್ದು ಎಂಟು ಐವತ್ತೈದಕ್ಕೆ. ಮೂಡುಬಿದಿರೆಯ ಪುಸ್ತಕದ ಪ್ರಕಾರ ಮುಟ್ಟಿದ್ದು ಎಂಟು ಐವತ್ತಕ್ಕೆ. ಹೊರಡುವುದಕ್ಕಿಂತ ಐದು ನಿಮಿಷ ಮೊದಲು! ಅದರ ಮೇಲೆ ಎಂಟು ಐವತ್ತೈದು ಎನ್ನುವುದು ಎದುರು ಕಂಪನಿಯ ಬಸ್ಸಿನ ಟೈಮು. ನಮ್ಮ ಕಡೆ ಖಾಸಗಿ ಬಸ್ಸಿನವರಿಗೆ ಟೈಮು ಎಂದರೆ ಗದ್ದೆಯ ಬದು ಇದ್ದ ಹಾಗೆ. ಒಂದು ಅಂಗುಲ ಒತ್ತಿದರೂ ಹೊಡೆದಾಟ. ಅವರ ಟೈಮು ಕದಿಯಲು ವಾಮನನೇ ನನ್ನಿಂದ ಸುಳ್ಳು ಬರೆಸಿದ್ದಾನೆ ಎಂದು ದೂರು.

"ಬೆಳ್ತಂಗಡಿಯಲ್ಲಿ ಹೆಣ್ಣು ನೋಡಿ ಆಗಿದೆ ಮಾಸ್ಟ್ರೇ. ಕೆಲಸ ಹೋಯ್ತು ಅಂತ ಗೊತ್ತಾದರೆ ಅವರು ಕೊಡುವುದಿಲ್ಲ. ಆದಿತ್ಯವಾರ ಮೂಡುಬಿದ್ರೆಯಲ್ಲಿ ಹೆಗ್ಡೆಯವರ ಮನೆಯಲ್ಲಿ ಪಂಚಾತಿಕೆ ಉಂಟು. ನೀವು ಬಂದು, ಬರೆಯುವಾಗ ನನಗೆ ತಪ್ಪಿತು ಅಂತ ಒಂದು ಮಾತು ಹೇಳಿದರೆ ಸಾಕು."

ತಪ್ಪಿತು? ನನಗೆ? ಆ ಹುಡುಗನ ಕಷ್ಟ ಕಂಡು ನನಗೆ ನಿಜವಾಗಿಯೂ ಸಂಕಟವಾಗಿತ್ತು. ಆದರೆ ಅದೇ ಕ್ಷಣದಲ್ಲಿ ಹೊಟ್ಟೆಯೊಳಗೆ ಆನಂದದ ಬುಗ್ಗೆಯೂ ಎದ್ದಿತು. ಹೊರಡುವ ಮೊದಲೇ ಮುಟ್ಟಿದ ಬಸ್ಸು! ಅದೂ ನಾನು ಆ ಹದಿನಾರು ಪುಟಗಳನ್ನು ಬಗಲಲ್ಲಿಟ್ಟು ಕುಳಿತ ಬಸ್ಸು! ಅಮೆರಿಕದವರು ಕೋಟಿಗಟ್ಟಲೆಯ ಯಂತ್ರ ಇಟ್ಟು ಹುಡುಕುವುದು ಸಿದ್ಧಕಟ್ಟೆ ರಸ್ತೆಯಲ್ಲಿ ತಾನಾಗಿ ನಡೆದಿದೆ.

"ಹೆದರಬೇಡ ವಾಮನ, ತಪ್ಪು ನಿನ್ನದೂ ಅಲ್ಲ, ನನ್ನದೂ ಅಲ್ಲ. ನಿಸರ್ಗದ್ದು! ನಾನು ಬಂದು ಸಾಬೀತು ಮಾಡಿ ತೋರಿಸ್ತೇನೆ."

"ಅಷ್ಟೆಲ್ಲ ಬೇಡ ಮಾಸ್ಟ್ರೇ, ತಪ್ಪಿತು ಅಂತ ಹೇಳಿದರೆ..."

"ನೀನು ಸುಮ್ಮನಿರು ಮಾರಾಯ!"

ಆದಿತ್ಯವಾರ ಮಧ್ಯಾಹ್ನ ಮೂರಕ್ಕೆ ಹೆಗ್ಡೆಯವರ ಚಾವಡಿ. ಅವರು ವಯಸ್ಸಾದ ಜೈನ ಗೃಹಸ್ಥರು. ಬಸ್ಸಿನವರ ಜಗಳಕ್ಕೆಲ್ಲ ಅವರು ಹೇಳಿದ್ದೇ ಕಡೆಯ ಮಾತು. ನನ್ನ ವಿಜಯವನ್ನು ಕಣ್ಣಾರೆ ನೋಡಲಿ ಎಂದು ಸುಮತಿಯನ್ನೂ ಅಮ್ಮನನ್ನೂ ನಾನೇ ಒತ್ತಾಯ ಮಾಡಿ ಕರೆದುಕೊಂಡು ಹೋಗಿದ್ದೆ. ಇಬ್ಬರೂ ಕಂಬದ ಹಿಂದೆ ಕುಳಿತರು.

ಹೆಗ್ಡೆಯವರು ಎರಡು ಪುಸ್ತಕಗಳನ್ನೂ ಪಕ್ಕಪಕ್ಕ ಇಟ್ಟು, "ಮಾಸ್ಟ್ರೇ, ಇದು ಹೇಗೆ?" ಎಂದು ಕೇಳಿದರು.

ನಾನು ಎದ್ದೆ. ಹದಿನಾರು ಪುಟ ತೆಗೆದೆ. ಪರಮಾಣುವಿನಿಂದ ಶುರುಮಾಡಿದೆ. ಗಂಟೆ ನಾಲ್ಕಾಯಿತು, ಐದಾಯಿತು. ಬಸ್ಸಿನ ಮಾಲಿಕರು ಒಬ್ಬೊಬ್ಬರಾಗಿ ಚಾ ಕುಡಿದು ಬಂದರು. ನಾನು ಹನ್ನೊಂದನೆಯ ಪುಟದಲ್ಲಿದ್ದಾಗ ಹೆಗ್ಡೆಯವರು ಕೈ ಎತ್ತಿದರು.

"ಸೂರ್ಯ ಮುಳುಗುವುದರ ಒಳಗೆ ನನಗೆ ಊಟ ಆಗಬೇಕು. ನಿಮ್ಮ ಕಣ ಹಿಂದೆ ಹೋದೀತು, ಸೂರ್ಯ ಹೋಗುವುದಿಲ್ಲ. ಒಂದೇ ಪ್ರಶ್ನೆ ಕೇಳ್ತೇನೆ. ಕಣ ಹಿಂದೆ ಹೋದರೆ ಹೋಗಲಿ. ಬಸ್ಸು ಹೇಗೆ ಹೋಯ್ತು?"

"ಬಸ್ಸೂ ಕಣಗಳಿಂದಲೇ ಆದದ್ದು!"

"ಒಳಗೆ ಇದ್ದ ಐವತ್ತು ಜನ?"

"ಅವರೂ ಕಣಗಳೇ!"

ಆಗ ಎದುರು ಕಂಪನಿಯವರು ತಮ್ಮ ಸಾಕ್ಷಿಯನ್ನು ಕರೆದರು. ಮೀನು ಮಾರುವ ಸುಂದರಿ. ಆ ದಿನ ಬಸ್ಸಿನ ಹಿಂದಿನ ಸೀಟಿನಲ್ಲಿದ್ದವಳು. ಬುಟ್ಟಿಯನ್ನು ಬೇಲಿಯ ದಣಪೆಯ ಹೊರಗಿಟ್ಟು, ಅಂಗಳದಲ್ಲಿ ನಿಂತೇ ಹೇಳಿದಳು:

"ನನ್ನ ಬಂಗುಡೆ ಬಂಟ್ವಾಳದಲ್ಲಿ ಗಟ್ಟಿ ಇತ್ತು ಧನಿಗಳೇ. ಮೂಡುಬಿದ್ರೆಗೆ ಬರುವಾಗ ಮೆತ್ತಗೆ ಆಗಿತ್ತು. ಕಾಲ ಹಿಂದೆ ಹೋದದ್ದು ಹೌದಾದರೆ ಮೀನು ತಾಜಾ ಆಗ್ಬೇಕಿತ್ತಲ್ಲ? ಮಾಸ್ಟ್ರ ಕಣ ನನ್ನ ಬುಟ್ಟಿಯನ್ನು ಮಾತ್ರ ಬಿಟ್ಟು ಹೋಯ್ತಾ?"

ಚಾವಡಿ ಗೊಳ್ಳೆಂದು ನಕ್ಕಿತು. ನಾನು ಹದಿನಾರು ಪುಟಗಳನ್ನೂ ತಿರುವಿ ನೋಡಿದೆ, ಬಂಗುಡೆಯ ಹೆಸರೇ ಇರಲಿಲ್ಲ. ವಾಮನ ಮಾತ್ರ ನಗಲಿಲ್ಲ. ತಲೆ ತಗ್ಗಿಸಿ ನೆಲವನ್ನು ನೋಡುತ್ತಿದ್ದ.

"ಮಾಸ್ಟ್ರೇ, ನಿಮ್ಮ ವಾಚು ಸರಿ ಉಂಟಾ?" ಎಂದರು ಹೆಗ್ಡೆಯವರು.

ಮುಳುಗುವವನಿಗೆ ಹಗ್ಗ ಸಿಕ್ಕಿತು! ಓಡಿಹೋಗಿ ಅವರ ಗೋಡೆ ಗಡಿಯಾರದ ಪಕ್ಕ ಕೈ ಹಿಡಿದೆ. ಎರಡರಲ್ಲೂ ಐದೂ ಇಪ್ಪತ್ತು. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆ ಇಲ್ಲ.

"ನೋಡಿ! ವಾಚು ತಪ್ಪು ಎಂದಾದರೆ ನಾನು ಈಗಲೇ ಮಾಸ್ಟರಿಕೆ ಬಿಡ್ತೇನೆ!"

ಕಂಬದ ಹಿಂದೆ ಬಳೆ ಸದ್ದಾಯಿತು. ಸುಮತಿ ಎದ್ದು ನಿಂತಿದ್ದಳು.

"ಇವತ್ತು ಸರಿ ಉಂಟು. ಆ ದಿನಕ್ಕೆ ಮಾತ್ರ... ಇವರು ಯಾವಾಗಲೂ ತಡ ಅಂತ ಹಿಂದಿನ ದಿನವೇ ಇಪ್ಪತ್ತು ನಿಮಿಷ ಮುಂದೆ ತಿರುಗಿಸಿ ಇಟ್ಟಿದ್ದೆ. ಶನಿವಾರ ಸಂಜೆ ಹಿಂದೆ ತಿರುಗಿಸಿದೆ."

"ಇಪ್ಪತ್ತು ನಿಮಿಷ ಸಾಲುವುದಿಲ್ಲ! ವ್ಯತ್ಯಾಸ ಒಂದು ಗಂಟೆಗೂ ಮೇಲೆ ಉಂಟು!" ಎಂದು ಕೂಗಿದೆ. ಪಾಸಿಟ್ರಾನಿಗೆ ಇನ್ನೂ ಜೀವ ಇತ್ತು.

"ನಾನು ಅರ್ಧ ಗಂಟೆ ಮುಂದೆ ಇಟ್ಟಿದ್ದೆ, ಮರುದಿನ ಹಿಂದೆ ತಿರುಗಿಸಿದೆ. ಅವಳು ಇಟ್ಟದ್ದು ನನಗೇನು ಗೊತ್ತು?" ಎಂದರು ಅಮ್ಮ.

ಹೆಗ್ಡೆಯವರು ಬೆರಳು ಎಣಿಸಿದರು. "ಐವತ್ತಾಯಿತು. ಏಳು ಐವತ್ತರಿಂದ ಎಂಟು ಐವತ್ತೈದಕ್ಕೆ ಅರವತ್ತೈದು. ಇನ್ನು ಹದಿನೈದು ಬಾಕಿ. ಮನೆಯಲ್ಲಿ ಬೇರೆ ಯಾರುಂಟು?"

ಯಾರೂ ಇಲ್ಲ. ಚಾವಡಿ ಪೂರಾ ನನ್ನನ್ನೇ ನೋಡುತ್ತಿತ್ತು. ಆಗ ನೆನಪಾಯಿತು! ಶುಕ್ರವಾರ ಶಾಲೆಯಿಂದ ಬಂದವನೇ, ಉಪನ್ಯಾಸಕ್ಕೆ ತಡವಾಗಬಾರದೆಂದು ಹದಿನೈದು ನಿಮಿಷ ಮುಂದೆ ಇಟ್ಟವನು ನಾನೇ. ಉಪನ್ಯಾಸ ಮುಗಿದೊಡನೆ ಏನೂ ಯೋಚಿಸದೆ ಹಿಂದಕ್ಕೆ ತಿರುಗಿಸಿದವನೂ ನಾನೇ. ನಡುವೆ, ಪುಸ್ತಕ ಪೆನ್ಸಿಲು ಕೈಗೆ ಬಂದಾಗ, ಅದು ಪೂರ್ತಿ ಮರೆತುಹೋಗಿತ್ತು. ಅಷ್ಟನ್ನೂ ಚಾವಡಿಯೆದುರು ಒಪ್ಪಿಕೊಂಡೆ.

"ಕುಣಿಯಲಾರದವ ನೆಲ ಡೊಂಕು ಅಂದನಂತೆ" ಎಂದು ಅಮ್ಮ ಗೊಣಗಿದರು.

ನಾನು ವಾಮನನ ಕಡೆ ತಿರುಗಿ, ಮಂಗಳವಾರವೇ ಹೇಳಬಹುದಾಗಿದ್ದ ಮಾತನ್ನು ಹೇಳಿದೆ: "ನನಗೆ ತಪ್ಪಿತು." ಇದಕ್ಕೆ ಹದಿನಾರು ಪುಟ ಬೇಕಾಗಿರಲಿಲ್ಲ. ವಾಮನನಿಗೆ ಅಲ್ಲೇ ಕೆಲಸ ಮರಳಿ ಸಿಕ್ಕಿತು. ಅವನು ಅಳು ನಗು ಎರಡೂ ಸೇರಿಸಿ ನನಗೇ ಕೈಮುಗಿದಾಗ ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಹೆಗ್ಡೆಯವರು ಸೂರ್ಯ ಮುಳುಗುವ ಮೊದಲೇ ಊಟಕ್ಕೆ ಎದ್ದರು. ಮಾಸ್ಟರಿಕೆ ಬಿಡುವ ವಿಷಯವನ್ನು ಯಾರೂ ಎತ್ತಲಿಲ್ಲ, ದೊಡ್ಡ ಮನಸ್ಸು.

ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಪಾಸಿಟ್ರಾನಿನ ಹಾಗೆ ನಾನೂ ಆ ಶನಿವಾರಕ್ಕೆ ಹಿಂದೆ ಹೋಗುವುದು ಸಾಧ್ಯವಾಗಿದ್ದರೆ? ಬಂಟ್ವಾಳದ ಬಸ್ ಸ್ಟ್ಯಾಂಡಿನಲ್ಲಿ ನನ್ನೆದುರು ನಾನೇ ನಿಂತು, "ಮಾಸ್ಟ್ರೇ, ಬರೆಯಬೇಡಿ, ವಾಚು ತಪ್ಪು" ಎಂದು ಹೇಳಬಹುದಿತ್ತು. ಆದರೆ ಏನು ಪ್ರಯೋಜನ? ಪೆನ್ಸಿಲು ಹಿಡಿದು ನಿಂತ ಆ ಮಹಾನುಭಾವನನ್ನು ನಾನು ಬಲ್ಲೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಅವನು ಹೇಳುತ್ತಿದ್ದದ್ದು ಇಷ್ಟೇ: "ಯಾರು ಮಾರಾಯ ನೀನು? ಮೊದಲು ಹೋಗಿ ನಿನ್ನ ವಾಚು ಸರಿ ಮಾಡಿಸು!"