ಹಾರನಹಳ್ಳಿ ಮೇಷ್ಟ್ರ ಪುಸ್ತಕದ ಮುಖಪುಟ

ಪುಸ್ತಕದ ಒಳಗಿನ ತಪ್ಪಿಗೆ ಕೊನೇ ಪುಟದಲ್ಲಿ ಒಪ್ಪೋಲೆ ಅಂತ ಒಂದು ತಿದ್ದುಪಡಿ ಪಟ್ಟಿ ಇರುತ್ತೆ. ಹೊರಗಿನ ತಪ್ಪಿಗೆ ಅಂಗಡಿಯವನೇ ಒಪ್ಪೋಲೆ. ಅರಸೀಕೆರೆ ಬಸ್ ಸ್ಟ್ಯಾಂಡ್ ಎದುರು ಪುಸ್ತಕದಂಗಡಿ ಇಟ್ಟುಕೊಂಡು ಕೂತ ಮೇಲೆ ಇದು ತಪ್ಪಿದ್ದಲ್ಲ. ಆಗಾಗ ಒಂದೊಂದು ಮುಖಪುಟ ಬಂದು ಎದುರಿಗೆ ನಿಂತು, ನನ್ನನ್ನ ಮಾರು ನೋಡೋಣ ಅನ್ನುತ್ತೆ.

ಹಾರನಹಳ್ಳಿಯ ನಿವೃತ್ತ ಮೇಷ್ಟ್ರೊಬ್ಬರು ತಮ್ಮೂರಿನ ಗುಡಿಗಳ ಮೇಲೆ ಪುಸ್ತಕ ಬರೆದಿದ್ದರು. ಬೇಲೂರಿನಲ್ಲಿರುವ ಅವರ ಭಾವಮೈದ, "ಊರೋರಿರಲಿ ಭಾವ, ನಾನೇ ಅದನ್ನ ಮುಟ್ಟಲ್ಲ" ಅಂದುಬಿಟ್ಟಿದ್ದ. ಆ ಮಾತು ಮೇಷ್ಟ್ರ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು.

"ಅವನು ಕೈಚಾಚಿ ತಗೋಬೇಕು, ಅಂಥ ಮುಖಪುಟ ಆಗ್ಬೇಕು. ಹೇಗಿರಬೇಕು ಹೇಳಿ" ಅಂತ ಬಂದು ಕೂತರು.

ಹೇಗಿರಬೇಕು ಅನ್ನೋದು ನನಗೇನು ಗೊತ್ತು. ಹೇಗಿರಬಾರದು ಅನ್ನೋದಕ್ಕೆ ಸರಕು ಬೇಕಾದಷ್ಟಿತ್ತು. ಕಾಫಿ ತರಿಸಿ ಶುರು ಮಾಡಿದೆ.

ಮೇಲ್ಗಡೇದು ಬೇಲೂರಲ್ಲಿ

ಹಳೇಬೀಡಿನ ಕೈಪಿಡಿಯೊಂದು ಬಂತು. ಮುಖಪುಟದಲ್ಲಿ ಹಳೇಬೀಡಿನ ಗುಡಿ, ಅದರ ನೆತ್ತಿಯ ಮೇಲೆ ಬೇಲೂರಿನ ಗೋಪುರ. ಚಿತ್ರ ಮಾಡಿದವನಿಗೆ ಫೋನ್ ಮಾಡಿ ಕೇಳಿದೆ. "ಗುಡಿ ಚಪ್ಪಟೆಯಾಗಿತ್ತು ಸಾರ್. ಮೇಲೆ ಜಾಗ ಖಾಲಿ ಬಿದ್ದಿತ್ತು" ಅಂದ.

ಹಳೇಬೀಡಿನ ಗುಡಿ ಎದುರು ಪುಸ್ತಕ ಮಾರುವವನಿಗೆ ಆ ಕೈಪಿಡಿಗಳ ಕಟ್ಟು ಕಳಿಸಿದೆ. ಒಬ್ಬ ಪ್ರವಾಸಿ ಕೈಪಿಡಿ ಹಿಡಿದು ಗುಡಿಯನ್ನು ಸುತ್ತಿದ, ಬಸ್ತಿಹಳ್ಳಿವರೆಗೂ ಹೋಗಿ ಹುಡುಕಿದ, ಬೆವರು ಒರೆಸಿಕೊಳ್ಳುತ್ತಾ ವಾಪಸ್ ಬಂದು ಗೋಪುರ ಎಲ್ಲಿ ಅಂತ ಜಗಳಕ್ಕೆ ನಿಂತ. ನಮ್ಮವನು ಕೂತಲ್ಲಿಂದಲೇ ಹೇಳಿದ: "ಕೆಳಗಡೇದು ಇಲ್ಲೈತೆ, ಮೇಲ್ಗಡೇದು ಬೇಲೂರಲ್ಲೈತೆ. ಬಸ್ಸು ಐತೆ, ಹೋಗಿ ಸ್ವಾಮಿ."

ಮೇಷ್ಟ್ರು ನಗಲಿಲ್ಲ. "ಅಂದ್ರೆ ಇಲ್ಲದ್ದನ್ನ ಹಾಕಬಾರದು" ಅಂದರು.

ಮಲಗಿದ ಮರ

ತೆಂಗು ಬೇಸಾಯದ ಪುಸ್ತಕ ಒಂದಿತ್ತು. ಒಳಗೆ ಒಳ್ಳೇ ವಿಷಯ. ಹೊರಗೆ ಸಮುದ್ರ, ಮರಳು, ನೀರಿನ ಕಡೆ ಬಾಗಿದ ಒಂದು ತೆಂಗಿನಮರ. ಕಣಕಟ್ಟೆ ಕಡೆಯ ತೋಟದವರಿಬ್ಬರು ಕೈಗೆತ್ತಿಕೊಂಡರು.

"ಏನ್ಲಾ ಇದು, ಮರ ಮಲ್ಕೊಂಡೈತೆ."

"ಮಲ್ಕೊಳ್ದೆ ಇನ್ನೇನ್ಲಾ ಮಾಡ್ತದೆ, ಬುಡದಾಗೆ ಅಷ್ಟ್ ನೀರ್ ನಿಲ್ಸವ್ರೆ. ಬೇರು ಕೊಳ್ತಿರ್ತದೆ."

ಮೊದಲನೆಯವನು ನನ್ನ ಕಡೆ ತಿರುಗಿದ. "ಸಾವ್ಕಾರ್ರೆ, ಇದುಕ್ಕೆ ಮದ್ದೇನು ಅಂತ ಒಳಗೆ ಬರ್ದವ್ರಾ?"

ಹುಡುಕಿದೆ. ಬರೆದಿರಲಿಲ್ಲ. ಕಾಯಿಲೆ ಹೊರಗೆ ತೋರಿಸಿ ಮದ್ದು ಹೇಳದ ಪುಸ್ತಕ ತಮಗೆ ಬೇಡ ಅಂತ ಇಬ್ಬರೂ ಹೊರಟುಹೋದರು.

"ದೂರದ್ದು ಬೇಡ, ನಮ್ಮೂರದ್ದೇ ಇರಲಿ" ಅಂದರು ಮೇಷ್ಟ್ರು.

ಮುದ್ದೆಗೆ ಚಾಕು

ರಾಗಿ ಅಡುಗೆ ಪುಸ್ತಕದ ಮೇಲೆ ಮುದ್ದೆಯ ಪಕ್ಕ ಒಂದು ಫೋರ್ಕು, ಒಂದು ಚಾಕು. ಮುದ್ದೆಯ ತುದಿಗೆ ಚೆರಿ ಹಣ್ಣು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಬಹಳ ಹೊತ್ತು ನೋಡಿ, "ಇದನ್ನ ಮಾಡಿದೋರು ಮುದ್ದೆ ತಿಂದಿಲ್ಲ ಕಣ್ರೀ, ಆಪರೇಷನ್ ಮಾಡವ್ರೆ" ಅಂತ ಇಟ್ಟುಹೋದರು.

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ಅವರಿಗೆ ಪಾಠ ಪೂರ್ತಿ ಅರ್ಥವಾಗಿತ್ತು. "ಪಟ್ಟಣದೋರೇ ಬೇಡ. ಇಲ್ಲೇ ಫ್ಲೆಕ್ಸ್ ಅಂಗಡಿಯಲ್ಲಿ ಮಾಡಿಸ್ತೀನಿ. ಮುಖಪುಟಕ್ಕೆ ನನ್ನದೇ ಫೋಟೋ. ಅದನ್ನ ಸುಳ್ಳು ಅಂತ ಯಾರು ಅಂತಾರೆ?"

ನನಗೂ ಸರಿ ಅನ್ನಿಸಿತು.

ಮೇಷ್ಟ್ರದ್ದೇ ಫೋಟೋ

ನಮ್ಮೂರಿನ ಫ್ಲೆಕ್ಸ್ ಅಂಗಡಿಯವನ ಕಂಪ್ಯೂಟರಿನಲ್ಲಿ ಎರಡೇ ಮಾದರಿ. ನಗುವ ಫೋಟೋ ಕೊಟ್ಟರೆ ಹುಟ್ಟುಹಬ್ಬದ ಚೌಕಟ್ಟು, ಗಂಭೀರ ಫೋಟೋ ಕೊಟ್ಟರೆ ಇನ್ನೊಂದು. ಮೇಷ್ಟ್ರು ಜನ್ಮದಲ್ಲಿ ಕ್ಯಾಮೆರಾ ಮುಂದೆ ನಕ್ಕವರಲ್ಲ.

ಹಾಗಾಗಿ ಪುಸ್ತಕ ಬಂದಾಗ ಮೇಷ್ಟ್ರು ಮೊಟ್ಟೆಯಾಕಾರದ ಚೌಕಟ್ಟಿನೊಳಗಿದ್ದರು. ಎರಡೂ ಕಡೆ ಉರಿಯುವ ದೀಪ, ಕೆಳಗೆ ಬಿಳಿ ತಾವರೆ, ಹಿಂದೆ ಮೋಡ. ಕರಡು ನೋಡಿ ಸಹಿ ಹಾಕಿದ್ದವರು ಅವರೇ. ಅಕ್ಷರ ತಿದ್ದುವುದರಲ್ಲಿ ಮೋಡ ಕಂಡಿರಲಿಲ್ಲ.

ಅಚ್ಚಾದದ್ದನ್ನು ಮಾರಲೇಬೇಕು. ಹೊಸ ಪುಸ್ತಕ ಬಂದರೆ ಮುಖಪುಟವನ್ನು ದೊಡ್ಡದು ಮಾಡಿಸಿ ಅಂಗಡಿ ಮುಂದೆ ಕಟ್ಟುವುದು ನನ್ನ ಪದ್ಧತಿ, ಕಟ್ಟಿದೆ. ಹಾರನಹಳ್ಳಿ ಬಸ್ಸು ಅದರ ಮುಂದೆಯೇ ತಿರುಗುವುದು. ಬೆಳಗಿನ ಬಸ್ಸಿನಿಂದಲೇ ಮೇಷ್ಟ್ರ ಹಳೇ ಶಿಷ್ಯನೊಬ್ಬ ಚಪ್ಪಲಿ ಬಿಟ್ಟು ಒಳಗೆ ಬಂದ.

"ಮೊನ್ನೆ ಚೆನ್ನಾಗೇ ಇದ್ರಲ್ಲ ಸಾರ್."

"ಈಗಲೂ ಚೆನ್ನಾಗೇ ಇದ್ದಾರೆ" ಅಂದೆ.

"ಹೂಂ ಸಾರ್. ಪುಣ್ಯಾತ್ಮರು, ಎಲ್ಲಿದ್ರೂ ಚೆನ್ನಾಗಿರ್ತಾರೆ" ಅಂದವನು ಒಂದು ಪ್ರತಿ ತೆಗೆದು ಕಣ್ಣಿಗೊತ್ತಿಕೊಂಡು ಹೋದ.

ಆಮೇಲೆ ಬಂದವರಿಗೂ ಹೇಳಿನೋಡಿದೆ. ನನ್ನದು ಬರೀ ಬಾಯಿಮಾತು, ಮುಖಪುಟ ಅಚ್ಚಾದದ್ದು. ಜನ ಅಚ್ಚನ್ನೇ ನಂಬಿದರು. ಮಧ್ಯಾಹ್ನದ ಹೊತ್ತಿಗೆ ಬೇಲೂರಿನ ಭಾವಮೈದ ಬೇರೇನೋ ಕೆಲಸಕ್ಕೆ ಅರಸೀಕೆರೆಯಲ್ಲಿ ಇಳಿದವನು ಬೋರ್ಡು ನೋಡಿ ಅಲ್ಲೇ ಕುಸಿದು ಕೂತ. "ನಂಗೊಂದ್ ಮಾತು ಹೇಳ್ಲಿಲ್ವಲ್ಲ ಯಾರೂ" ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಕೈಚಾಚಿ ಪುಸ್ತಕ ತಗೊಂಡು ಹಾರನಹಳ್ಳಿ ಬಸ್ಸು ಹತ್ತಿಬಿಟ್ಟ.

ಆ ಬಸ್ಸು ಹೋದ ಸ್ವಲ್ಪ ಹೊತ್ತಿಗೆ ಮೇಷ್ಟ್ರು ಟೆಂಪೋದಿಂದ ಇಳಿದರು. ಮನೆಗೆ ಯಾರೋ ಹಾರ ತಂದಿದ್ದರಂತೆ. ಬಾಗಿಲು ತೆಗೆದವರು ಇವರೇ. ಮುಖ ಕೆಂಪಗಿತ್ತು.

"ಒಂದು ಚೀಟಿ ಅಂಟಿಸೋಣ, ಲೇಖಕರು ಆರೋಗ್ಯವಾಗಿದ್ದಾರೆ ಅಂತ" ಅಂದೆ. "ನಿಮ್ಮ ಭಾವಮೈದನೂ ಈಗಷ್ಟೇ ಒಂದು ತಗೊಂಡು ಹೋದ."

ಮೇಷ್ಟ್ರು ಹತ್ತಿರ ಬಂದರು. "ಕೈಚಾಚಿ ತಗೊಂಡ್ನಾ?"

"ತಗೊಂಡ. ಕಿಟಕಿ ಪಕ್ಕ ಕೂತು ಮೊದಲನೇ ಪುಟ ಬಿಚ್ಚಿದ್ದ."

ಮೇಷ್ಟ್ರು ನನ್ನ ಫೋನ್ ಇಸ್ಕೊಂಡು ಮನೆಗೆ ಮಾಡಿದರು. "ನೋಡೇ, ನಿನ್ನ ತಮ್ಮ ಬರ್ತಿದಾನೆ. ಪುಸ್ತಕ ಓದಿ ಮುಗಿಸೋವರೆಗೂ ನಾನು ಬದುಕಿರೋ ವಿಷಯ ಎತ್ತಬೇಡ."

ಅವನು ಬಹಳ ನಿಧಾನ ಓದೋನು ಅಂತ ಆ ಕಡೆಯಿಂದ ಅವರ ಹೆಂಡತಿ ಹೇಳಿದ್ದು ನನಗೂ ಕೇಳಿಸಿತು.

ಮೇಷ್ಟ್ರು ಫೋನ್ ಹಿಡಿದೇ ನನ್ನ ಕುರ್ಚಿಯನ್ನು ರಸ್ತೆಗೆ ಕಾಣದ ಹಾಗೆ ಒಳಕ್ಕೆ ಎಳೆದುಕೊಂಡು ಕೂತರು. "ನಿಧಾನಕ್ಕೇ ಓದ್ಲಿ ಕಣೇ. ನಂಗೇನೂ ಅವಸರ ಇಲ್ಲ."