ಹಂಸಗಳ ನೊಗ ಹೊರಿಸಿದ ಶ್ರೀಮತಿ ಹೈಮವತಿಯವರಿಗೆ

ತಿರುವಲ್ಲಿಕ್ಕೇಣಿ, ಮದರಾಸು
ಇಲ್ಲಿನವರು ಕತ್ತಿರಿ ಎನ್ನುವ ಕಡುಬಿಸಿಲಿನ ನಡುಗಾಲ, ೧೯೬೧

ವಾರಪತ್ರಿಕೆಯಲ್ಲಿ ‘ಉಣ್ಣೆ-ಕಡ್ಡಿ’ ಅಂಕಣವನ್ನು ಬರೆದು ನಾಡಿನ ಗೃಹಸ್ಥರನ್ನು ಧನ್ಯರನ್ನಾಗಿಸುತ್ತಿರುವ ಶ್ರೀಮತಿ ಹೈಮವತಿಯವರ ಸನ್ನಿಧಿಗೆ,

ಮಾನ್ಯರೇ,

ಬಾಗಿದ ಬೆನ್ನಿನ ನಮಸ್ಕಾರಗಳು. ಬೆನ್ನು ಬಾಗಿರುವುದು ಬರಿಯ ವಿನಯದಿಂದಲ್ಲ. ತಮ್ಮ ಅಂಕಣದ ಅಪ್ಪಣೆಯಂತೆ ಕೂತು ಕೂತು ಅದೀಗ ಬೇರೆ ಯಾವ ಭಂಗಿಗೂ ಒಪ್ಪುತ್ತಿಲ್ಲ. ನಾನು ವಿಷ್ಣುತೀರ್ಥ, ವಿಮಾ ಕಚೇರಿಯಿಂದ ನಿವೃತ್ತನಾದ ಗುಮಾಸ್ತ. ಈ ಯುಗಾದಿಯ ತನಕ ಉಣ್ಣೆಯನ್ನು ಕುರಿಯ ಮೈಮೇಲಲ್ಲದೆ ಬೇರೆಲ್ಲೂ ಗಮನಿಸಿದವನಲ್ಲ.

ತಾಯಿಯಿಲ್ಲದ ನನ್ನನ್ನು ಎತ್ತಿ ಬೆಳೆಸಿದ ಅಕ್ಕ ಅಂಬುಜಮ್ಮ ಈ ಬೇಸಿಗೆಯಲ್ಲಿ ಯಾತ್ರಿಕರ ತಂಡದೊಡನೆ ಬದರಿಗೆ ಹೊರಡುವುದೆಂದು ನಿಶ್ಚಯವಾಯಿತು. ಹರೆಯದಲ್ಲೇ ಗಂಡನನ್ನು ಕಳೆದುಕೊಂಡ ಆಕೆ ಅಂದಿನಿಂದ ಕೆಂಪು ಮಡಿಸೀರೆಯ ಹೊರತು ಬೇರೇನನ್ನೂ ಮೈಗೆ ಸೋಕಿಸಿದವಳಲ್ಲ. ಕತ್ತರಿ ಬಿದ್ದ, ಸೂಜಿ ಹಾಯ್ದ ಬಟ್ಟೆ ಮಡಿಗೆ ಬಾರದೆಂದು ರವಿಕೆಯನ್ನೂ ಬಿಟ್ಟವಳು. ಹಿಮದಲ್ಲಿ ಹೇಗಿರುತ್ತೀಯೆಂದು ಕೇಳಿದರೆ, “ದೇವರು ಕೂತಿಲ್ವೇನೋ ಅಲ್ಲಿ, ಅವನಿಗೆ ಯಾರು ಹೊಲಿಸಿಕೊಟ್ರು” ಎಂದು ನನ್ನ ಬಾಯಿ ಮುಚ್ಚಿಸಿದಳು.

ಆ ವಾರವೇ ತಮ್ಮ ಲೇಖನ ಬಂತು. ಕತ್ತರಿಯಿಲ್ಲದೆ, ಹೊಲಿಗೆಯಿಲ್ಲದೆ, ಬುಡದಿಂದ ಕತ್ತಿನವರೆಗೆ ಸುತ್ತಿ ಸುತ್ತಿಯೇ ಹೆಣೆಯುವ ಸ್ವೆಟರು, ಕತ್ತಿನ ಸುತ್ತ ಹಂಸಗಳ ಸಾಲು. ನನ್ನ ಹೆಂಡತಿ ಜಯಲಕ್ಷ್ಮೀ ಅದನ್ನು ಎರಡು ಸಲ ಓದಿ, “ಉಣ್ಣೆಗೆ ಮೈಲಿಗೆಯಿಲ್ಲ, ಇದಕ್ಕೆ ಹೊಲಿಗೆಯೂ ಇಲ್ಲ. ಈಗ ಯಾವ ಶಾಸ್ತ್ರ ಹುಡುಕ್ತಾರೋ ನೋಡೋಣ” ಎಂದಳು. ಬರಿಯ ಕೆಂಪು ಸ್ವೆಟರು ಸಾಲದೇ ಎಂದು ನಾನು ಕೇಳಿದ್ದಕ್ಕೆ, ಕೆಂಪನ್ನು ಜನ್ಮಕ್ಕಾಗುವಷ್ಟು ವಿಧವೆಯರಿಗೆ ಊರೇ ಕೊಟ್ಟಿದೆ, ತಾನು ಬೇರೆ ಕೊಡಬೇಕಾಗಿಲ್ಲವೆಂದು ಉತ್ತರ ಬಂತು. ನಾನು ಉಣ್ಣೆ ತರಲು ಹೊರಟೆ.

ಬಣ್ಣವನ್ನು ಮನೆಯಲ್ಲೇ ಹಾಕಬೇಕೆಂದು ತಾವು ಅಪ್ಪಣೆ ಕೊಡಿಸಿದ್ದಿರಿ. ಅರಿಸಿನದಲ್ಲಿ ಅದ್ದಿದ ಉಣ್ಣೆಯನ್ನು ಮಹಡಿಯ ಮೇಲೆ ಹರವಿದೆವು. ಮದರಾಸಿನ ಸೂರ್ಯನು ಅದನ್ನು ಸಂಜೆಯೊಳಗೆ ನೆಕ್ಕಿ ಬೆಳ್ಳಗೆ ಮಾಡಿದನು. ಕೊನೆಗೆ ಉಳಿದದ್ದು ತಾವು ಎರಡನೆಯದಾಗಿ ಸೂಚಿಸಿದ, ‘ಪ್ರತಿ ಅಡಿಗೆಮನೆಯಲ್ಲೂ ಬಿದ್ದಿರುವ’ ಈರುಳ್ಳಿ ಸಿಪ್ಪೆ. ನಮ್ಮ ಅಡಿಗೆಮನೆಯಲ್ಲಿ ಈರುಳ್ಳಿಯ ಹೆಸರೆತ್ತಿದರೂ ಅಕ್ಕ ನೀರು ಹಾಕಿ ತೊಳೆಸುತ್ತಾಳೆ. ಆದ್ದರಿಂದ ಬೀದಿಯ ಕೊನೆಯಲ್ಲಿ ಉಡುಪಿ ಹೋಟೆಲು ನಡೆಸುವ ಐತಪ್ಪನವರಲ್ಲಿ ಮೊರೆಹೊಕ್ಕೆ. “ಸಿಪ್ಪೆ ಎಷ್ಟು ಬೇಕಾದ್ರೂ ಕೊಂಡೋಗಿ ಮಾರಾಯ್ರೇ, ಇಲ್ಲೇ ಹಿತ್ತಿಲಲ್ಲಿ ಬೇಯ್ಸಿ ಬೇಕಾದ್ರೆ. ಸಾಂಬಾರಿನ ಹಂಡೆಯ ಹತ್ರ ಮಾತ್ರ ಇಡ್ಬೇಡಿ, ನಮ್ಮವರು ಬಡಿಸಿಬಿಟ್ಟಾರು” ಎಂದರು ಆ ಪುಣ್ಯಾತ್ಮರು. ಬಣ್ಣ ಬಂತು, ಮಾನ್ಯರೇ, ಹಳೆಯ ಬಂಗಾರದಂಥ ಬಣ್ಣ.

ಹೆಂಡತಿಯ ಕೈಯಲ್ಲಿ ಮೈ ಮುಗಿಯಿತು, ತೋಳು ಮುಗಿದವು, ಎಲ್ಲವೂ ಒಂದೇ ಕಡ್ಡಿಗೆ ಸೇರಿದವು. ಮಾರನೆಯ ದಿನ ಜಯಲಕ್ಷ್ಮೀ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಯಾತ್ರೆಯ ದಿನ ಹತ್ತಿರ ಬಂದಿತ್ತು. ಪ್ಲಾಸ್ಟರಿನ ಪಟ್ಟಿ ಸುತ್ತಿದ ಕೈಯನ್ನು ಎದೆಗೆ ಒರಗಿಸಿಕೊಂಡು ಅವಳು ಅತ್ತದ್ದು ನೋವಿಗಲ್ಲ. ಅಂದು ನಾನು ಕಡ್ಡಿ ಹಿಡಿದೆ.

ಇನ್ನು ಉಳಿದ, ಹೆಗಲಿನಿಂದ ಕತ್ತಿನವರೆಗಿನ ಭಾಗವನ್ನು ಇಂಗ್ಲಿಷರು ‘ಯೋಕ್’ ಎನ್ನುತ್ತಾರಂತೆ. ತಾವು ಅದನ್ನು ನಿಘಂಟು ನೋಡಿ ‘ನೊಗ’ ಎಂದು ಕನ್ನಡಿಸಿ, ‘ಈಗ ನೊಗವನ್ನು ಹೆಗಲಿಗೇರಿಸಿ ಹಂಸಗಳನ್ನು ಹೂಡಿರಿ, ಮಕ್ಕಳಿಗೂ ಇದು ಸುಲಭ’ ಎಂದು ಬರೆದಿದ್ದೀರಿ. ಕನ್ನಡದಲ್ಲಿ ಇಷ್ಟು ಕರಾರುವಾಕ್ಕಾದ ಅನುವಾದವನ್ನು ನಾನು ಇದುವರೆಗೆ ಓದಿಲ್ಲ. ಎತ್ತಿನಂತೆಯೇ ದುಡಿದೆ. ಕುರಿಯ ಇಡೀ ಕುಟುಂಬವೇ ತೊಡೆಯ ಮೇಲೆ ಮಲಗಿದಂತಾಗಿ ಬೆವರು ಕಣ್ಣಿಗಿಳಿಯುತ್ತಿರಲು, ಜಗಲಿಯಲ್ಲಿ ಕೂತ ನನ್ನನ್ನು ಕಂಡ ಎದುರುಮನೆಯ ಅಯ್ಯಂಗಾರರು “ಜುರಮಾ ಸಾರ್” ಎಂದು ನನಗೆ ಜ್ವರವೇನೋ ಎಂಬ ಕನಿಕರದಿಂದ ವಿಚಾರಿಸಿ ಹೋದರು. ಹೆಂಡತಿ ಪಕ್ಕದಲ್ಲಿ ಕೂತು, “ಎರಡು ಕುಣಿಕೆ ಸೇರಿಸಿ ಒಂದು ಮಾಡೀಂದ್ರೆ. ಅದಲ್ಲ, ಅದು ಕೊಕ್ಕು” ಎನ್ನುತ್ತಿದ್ದಳು. ಕತ್ತಿನ ಕಡೆಗೆ ಹೋದಂತೆ ಸುತ್ತು ಕಿರಿದಾಗಬೇಕೆಂದಿರಿ. ಹಂಸಗಳಿಗೆ ಅದನ್ನು ತಿಳಿಸುವ ಬಗೆಯನ್ನು ಮಾತ್ರ ಹೇಳಲಿಲ್ಲ. ಅವು ಒಂದರ ಕತ್ತನ್ನೊಂದು ನುಂಗುತ್ತಾ ಬಂದು ಬಾತುಗಳಾಗಿ, ಕಡೆಗೆ ಬದನೆಕಾಯಿಗಳಾಗಿ ಮೋಕ್ಷ ಪಡೆದವು. ಇನ್ನು ಮುಂದೆ ಇಂಥ ವಿನ್ಯಾಸ ಪ್ರಕಟಿಸುವಾಗ ದಯಮಾಡಿ ವಿ.ಪಿ.ಪಿ. ಅಂಚೆಯ ಮೂಲಕ ಸ್ವಲ್ಪ ಹಿಮವನ್ನೂ, ಸಾಧ್ಯವಾದರೆ ಜೀವಂತ ಹಂಸವೊಂದನ್ನೂ ಕಳುಹಿಸತಕ್ಕದ್ದೆಂದು ಬೇಡಿಕೊಳ್ಳುತ್ತೇನೆ.

ಮುಗಿದ ಸ್ವೆಟರನ್ನು ಅಕ್ಕನ ಮುಂದಿಟ್ಟೆವು. ಆಕೆ ಮುಟ್ಟಲಿಲ್ಲ, ಬಗ್ಗಿ ನೋಡಿದಳು. “ಇದೇನೋ ವಿಷ್ಣು, ಕತ್ತಿನ ಸುತ್ತ.” ಹಂಸ ಎಂದೆ. “ಕಾಲೆಲ್ಲಿ.” ನೀರೊಳಗಿದೆ ಎಂದೆ. ಆಕೆ ಒಪ್ಪಿದಳು. ಆಗ ಜಯಲಕ್ಷ್ಮೀ, ಸುಳ್ಳಿನ ಗಂಟು ಕಟ್ಟಿ ಅವರನ್ನು ಬದರಿಗೆ ಕಳಿಸಲಾರೆನೆಂದು ಮೊದಲೇ ನನಗೆ ಹೇಳಿದ್ದವಳು, ಬಣ್ಣ ಈರುಳ್ಳಿ ಸಿಪ್ಪೆಯದೆಂದು ಹೇಳಿಯೇಬಿಟ್ಟಳು. ನಾನು ಗೋಡೆ ನೋಡಿದೆ. ಅಕ್ಕ ಒಂದು ಬೆರಳಿನಿಂದ ಆ ಬಂಗಾರದ ಬಣ್ಣವನ್ನು ಮೆಲ್ಲಗೆ ಸವರಿದಳು. “ಈರುಳ್ಳಿ ತಿನ್ನಬಾರದು ಅಂತ ಇದೆ. ಹಾಕ್ಕೋಬಾರದು ಅಂತ ಎಲ್ಲಿದೆ, ತೋರ್ಸಿ ನೋಡೋಣ.”

ಮೊನ್ನೆ ಸೆಂಟ್ರಲ್ ಸ್ಟೇಷನ್ನಿನಲ್ಲಿ, ಹಳಿಗಳೇ ಬೆವರುವ ಮಧ್ಯಾಹ್ನ, ದಿಲ್ಲಿಯ ರೈಲು ಹತ್ತುವ ಮೊದಲೇ ಅಕ್ಕ ಸೀರೆಯ ಮೇಲೆ ಸ್ವೆಟರು ತೊಟ್ಟಳು. ಪ್ಲಾಟ್‌ಫಾರಂ ಇಡೀ ತಿರುಗಿ ನೋಡಿತು. ಹಿಮ ಇನ್ನೂ ದೂರವಿದೆ, ತೆಗೆದಿಡಕ್ಕಾ ಎಂದು ನಾನು ಬೇಡಿಕೊಂಡೆ. ಆಕೆ ಕಿಟಕಿಯ ಕಂಬಿಯ ನಡುವಿಂದ ಜಯಲಕ್ಷ್ಮಿಯ ಎಡಗೈ ಹಿಡಿದುಕೊಂಡು, “ಈಗ ತೆಗೆದ್ರೆ ಇನ್ನೊಂದ್ಸಲ ಹಾಕ್ಕೊಳ್ಳೋ ಧೈರ್ಯ ಬರಲ್ಲ ಕಣೇ” ಎಂದಳು. ರೈಲು ಹೊರಟಿತು. ಹಂಸಗಳು ಬದನೆಕಾಯಿಗಳೆಂಬುದು ಅಷ್ಟು ದೂರದಿಂದ ಗೊತ್ತಾಗುತ್ತಿರಲಿಲ್ಲ.

ಆದ್ದರಿಂದ ತಮ್ಮ ಮೇಲೆ ಹೂಡಬೇಕೆಂದಿದ್ದ ದಾವೆಯನ್ನು ಕೈಬಿಟ್ಟಿದ್ದೇನೆಂದು ತಿಳಿಯಪಡಿಸುತ್ತಾ, ನೊಗ ಕಳಚಿದರೂ ಕತ್ತು ತಿರುಗದಿರುವ,

ತಮ್ಮ ವಿಶ್ವಾಸಿ,
ವಿಷ್ಣುತೀರ್ಥ

ತಾ.ಕ.: ಈ ವಾರದ ಸಂಚಿಕೆಯಲ್ಲಿ ತಾವು ಕೊಟ್ಟಿರುವ ಕೈಗವಸಿನ ಚಿತ್ರದಲ್ಲಿ ಆರು ಬೆರಳುಗಳಿವೆ. ಇದು ಅಚ್ಚಿನ ದೋಷವೋ, ತಮ್ಮ ಕೈಯನ್ನೇ ನೋಡಿ ಬರೆದದ್ದೋ ಎಂಬುದನ್ನು ತಿಳಿಸಿದರೆ, ಎರಡನೆಯದಾದ ಪಕ್ಷದಲ್ಲಿ, ತಮಗಾಗಿ ಒಂದು ಜೊತೆ ಹೆಣೆದು ಕಳುಹಿಸಲು ನಾನು ಸಿದ್ಧನಿದ್ದೇನೆ.